ಹದಿನೇಳನೇ ತಾರೀಕಿನ ರಜೆ

ಅಕ್ಟೋಬರ್ ಒಂಬತ್ತು, ಸೋಮವಾರ. ಮೋಡವಿತ್ತು, ಮಳೆ ಬರಲಿಲ್ಲ. ಅಂದು ದಾಖಲೆಗಳ ನಕಲು ಕಚೇರಿಯ ಐದೂ ಹುದ್ದೆಗಳು ಭರ್ತಿಯಾಗಿದ್ದವು. ಐದರಲ್ಲೂ ಒಬ್ಬರೇ ಇದ್ದರು ಎಂಬುದನ್ನು ಬಿಟ್ಟರೆ ಕಚೇರಿಯ ಬಗ್ಗೆ ಹೇಳುವಂಥ ದೂರೇನೂ ಇರಲಿಲ್ಲ.

ಅವರ ಮೂಲ ಹುದ್ದೆ ನಕಲುಗಾರರದು. ಹಳೆಯ ದಾಖಲೆ ನೋಡಿಕೊಂಡು ಅಂಥದೇ ಇನ್ನೊಂದನ್ನು ದುಂಡಗೆ ಬರೆದುಕೊಡುವ ಕೆಲಸ. ಮೂರು ವರ್ಷದ ಹಿಂದೆ ಟಪಾಲು ಗುಮಾಸ್ತರು ನಿವೃತ್ತರಾದಾಗ ಸಾಹೇಬರು ಇವರನ್ನು ಕರೆದು, "ಹೊಸಬರು ಬರೋವರೆಗೂ ಆ ಟೇಬಲ್ಲೂ ನೋಡ್ಕೊಳ್ರೀ, ಒಂದು ವಾರದ ಮಾತು," ಎಂದರು. ಇವರು "ಆಯ್ತು ಸಾರ್" ಎಂದರು. ಆಮೇಲೆ ರಜೆ ಗುಮಾಸ್ತರಿಗೆ ವರ್ಗವಾಯಿತು. ಆಯ್ತು ಸಾರ್. ತರಬೇತಿಗೆಂದು ಹೋದ ಮೇಲ್ವಿಚಾರಕರು ಅಲ್ಲೇ ತರಬೇತಿ ಕೊಡುವವರಾಗಿ ನಿಂತುಬಿಟ್ಟರು. ಆಯ್ತು ಸಾರ್. ಕೊನೆಗೆ ಜವಾನ ಒಂದು ದಿನ ಸೈಕಲ್ಲು ಹತ್ತಿ ಹೋದವನು ತಿರುಗಿ ಬರಲಿಲ್ಲ. ಅದಕ್ಕೂ ಆಯ್ತು. ಸಿಬ್ಬಂದಿ ಬೇಕೆಂದು ಬರೆದ ಪತ್ರಕ್ಕೆ ಮೇಲಿನಿಂದ ಉತ್ತರ ಬಂತು: "ಯಾವುದೇ ಕೆಲಸ ಬಾಕಿ ಇಲ್ಲವೆಂದು ಮಾಸಿಕ ವರದಿಗಳಿಂದ ತಿಳಿದುಬಂದಿರುವುದರಿಂದ, ಹುದ್ದೆ ತುಂಬುವ ಪ್ರಶ್ನೆ ಉದ್ಭವಿಸುವುದಿಲ್ಲ." ವರದಿ ಬರೆಯುತ್ತಿದ್ದವರೂ ಇವರೇ. ಜನರ ಬಾಯಲ್ಲಿ ಇವರ ಹೆಸರು ಆಯ್ತಪ್ಪನೆಂದಾಯಿತು. ಅದಕ್ಕೂ ಇವರು ಬೇಡವೆನ್ನಲಿಲ್ಲ.

ಯಾರು ಯಾವಾಗ ಯಾರಾಗಿರುತ್ತಾರೆ ಎಂಬ ಗೊಂದಲ ಬಾರದಿರಲೆಂದು ಸಾಹೇಬರು ಒಂದು ನಿಯಮ ಮಾಡಿದ್ದರು: ಯಾವುದೇ ಹುದ್ದೆಯ ಸಹಿಯನ್ನು ಆ ಹುದ್ದೆಯ ಕುರ್ಚಿಯಲ್ಲಿ ಕೂತೇ ಹಾಕತಕ್ಕದ್ದು. ಹೀಗಾಗಿ ಆಯ್ತಪ್ಪನವರು ಟಪಾಲು ಕುರ್ಚಿಯಲ್ಲಿ ಕೂತು ಅರ್ಜಿ ತೆಗೆದುಕೊಳ್ಳುವರು, ಗಂಟೆ ಒತ್ತುವರು, ಎದ್ದು ಹೋಗಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುವರು, ಆಗಷ್ಟೇ ಗಂಟೆ ಕೇಳಿಸಿದವರಂತೆ ಎದ್ದು ಬಂದು ಅರ್ಜಿಯನ್ನು ಪಕ್ಕದ ಟೇಬಲ್ಲಿಗೆ ಒಯ್ಯುವರು. ಸರದಿಯಲ್ಲಿ ನಿಂತ ಜನ ಮೊದಮೊದಲು ನಕ್ಕರು. ಆಮೇಲೆ, "ನಿಮ್ಮ ಜವಾನ ತುಂಬಾ ನಿಧಾನ ಸ್ವಾಮೀ," ಎಂದು ಮೇಲ್ವಿಚಾರಕರ ಕುರ್ಚಿಯಲ್ಲಿದ್ದ ಅವರಿಗೇ ದೂರು ಕೊಡತೊಡಗಿದರು. ಅವರು ಅದನ್ನು ಬರೆದುಕೊಂಡು, ಸ್ಟೂಲಿನ ಹತ್ತಿರ ಹೋಗಿ, ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಲ್ಲುತ್ತಿದ್ದರು.

ಮನೆಯಲ್ಲಿದ್ದವಳು ಹೆಂಡತಿ ಒಬ್ಬಳೇ. ಬಟ್ಟೆ ಅಂಗಡಿಯೊಂದಕ್ಕೆ ಕಾಜ ಹೊಲಿದು ಗುಂಡಿ ಹಾಕಿಕೊಡುತ್ತಿದ್ದಳು. ಕಣ್ಣಿಗೆ ಪೊರೆ ಬಂದು ಸೂಜಿಯ ತೂತು ಕಾಣದಾದ ಮೇಲೆ, ಆಯ್ತಪ್ಪನವರು ದಿನಾ ಬೆಳಿಗ್ಗೆ ಹನ್ನೆರಡು ಸೂಜಿಗೆ ದಾರ ಪೋಣಿಸಿ, ಹಳೆಯ ದಿಂಬೊಂದಕ್ಕೆ ಸಾಲಾಗಿ ಚುಚ್ಚಿಟ್ಟು ಹೊರಡುತ್ತಿದ್ದರು. ಐದು ತಿಂಗಳು ಕಾದ ಮೇಲೆ ಆಪರೇಷನ್ನಿಗೆ ಅಕ್ಟೋಬರ್ ಹದಿನೇಳು ಗೊತ್ತಾಗಿತ್ತು. ಮನೆಯವರೊಬ್ಬರು ಜೊತೆಗಿದ್ದು ಸಹಿ ಹಾಕಬೇಕು, ಇಲ್ಲದಿದ್ದರೆ ಮತ್ತೆ ಸಾಲಿನ ಕೊನೆಗೆ. ಅದು ಆಸ್ಪತ್ರೆಯ ನಿಯಮ.

"ಒಂದೇ ದಿನ ರೀ," ಎಂದಳು ಹೆಂಡತಿ. "ಕೇಳ್ತೀರಿ ತಾನೇ?"

"ಆಯ್ತು."

"ಆ ಆಯ್ತು ನಂಗೆ ಬೇಡ. ಅದನ್ನ ಊರಿಗೆಲ್ಲ ಹಂಚಿದ್ದೀರಿ. ನಿಜವಾಗ್ಲೂ ಕೇಳ್ತೀರಾ?"

ಕೇಳಿದರು. ಆ ಸೋಮವಾರ ಹನ್ನೊಂದು ಗಂಟೆಗೆ ನಕಲುಗಾರರ ಕುರ್ಚಿಯಲ್ಲಿ ಕೂತು ಅರ್ಜಿ ಬರೆದರು. ಟಪಾಲು ಕುರ್ಚಿಯಲ್ಲಿ ಅದಕ್ಕೆ ಮೊಹರು ಒತ್ತಿದರು. ಜವಾನರಾಗಿ ಒಯ್ದರು. ರಜೆ ಗುಮಾಸ್ತರಾಗಿ, "ಅರ್ಜಿದಾರರ ಲೆಕ್ಕದಲ್ಲಿ ನೂರ ಹದಿನಾಲ್ಕು ದಿನಗಳ ರಜೆ ಇರುತ್ತದೆ," ಎಂದು ಟಿಪ್ಪಣಿ ಹಾಕಿದರು. ಒಂದು ದಿನದ ರಜೆಗೆ ಮೇಲ್ವಿಚಾರಕರ ಸಹಿಯೇ ಸಾಕು. ಆ ಕುರ್ಚಿಯಲ್ಲಿ ಕೂತರು, ಪೆನ್ನಿನ ಮುಚ್ಚಳ ತೆಗೆದರು, ಹಾಗೇ ತಡೆದರು.

ಸಾಹೇಬರು ಒಮ್ಮೆ, ಮೆಟ್ಟಿಲಿಳಿಯುತ್ತಾ, "ಬದಲಿ ವ್ಯವಸ್ಥೆ ಇಲ್ದೆ ಯಾರಿಗೂ ರಜೆ ಕೊಡ್ಬೇಡ್ರೀ," ಎಂದಿದ್ದರು. ಆ ಕಚೇರಿಯಲ್ಲಿ ಎಲ್ಲರಿಗೂ ಬದಲಿ ವ್ಯವಸ್ಥೆ ಆಯ್ತಪ್ಪನವರೇ. ಅವರಿಗೆ ಮಾತ್ರ ಯಾರೂ ಇರಲಿಲ್ಲ.

ಮನೆ ಪತ್ರದ ನಕಲಿಗೆ ಬಂದಿದ್ದ ಬಡಗಿಯೊಬ್ಬ ಇದನ್ನೆಲ್ಲ ನೋಡುತ್ತಿದ್ದ. "ಏನು ಯೋಚನೆ ಆಯ್ತಪ್ನೋರೇ? ನಿಮ್ದೇ ಅರ್ಜಿ, ನಿಮ್ದೇ ಪೆನ್ನು. ಗೀಚಿ ಬಿಸಾಕಿ. ಯಾರು ನೋಡ್ತಾರೆ?"

"ನಾನು ನೋಡ್ತೀನಲ್ಲ."

"ನೀವು ನೋಡಿ ಯಾರಿಗೆ ಹೇಳ್ತೀರಿ?"

"ಮೇಲ್ವಿಚಾರಕರಿಗೆ."

ಬಡಗಿ ಒಂದು ಗಳಿಗೆ ಕುರ್ಚಿಯನ್ನೇ ನೋಡಿದ. "ಅದೂ ಸರಿ ಅನ್ನಿ," ಎಂದ.

ಮೇಲ್ವಿಚಾರಕರು ಅಂದೇ ನೋಟೀಸು ಹೊರಡಿಸಿದರು: "ಬದಲಿ ವ್ಯವಸ್ಥೆ ಮಾಡಿಕೊಳ್ಳದೆ ರಜೆ ಕೋರಿರುವ ತಮ್ಮ ಮೇಲೆ ಶಿಸ್ತುಕ್ರಮವನ್ನು ಏಕೆ ಜರುಗಿಸಬಾರದು ಎಂಬುದಕ್ಕೆ ಮೂರು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು." ಜವಾನರು ತಲುಪಿಸಿದರು. ನಕಲುಗಾರರು ಸಹಿ ಮಾಡಿ ಪಡೆದುಕೊಂಡರು, ಮೂರನೇ ದಿನ ಕ್ಷಮೆ ಕೋರಿದರು. ಕ್ಷಮಾಪಣೆಯ ಭಾಷೆ ವಿನಯಪೂರ್ವಕವಾಗಿರುವುದನ್ನು ಮೆಚ್ಚಿ ಶಿಸ್ತುಕ್ರಮವನ್ನು ಕೈಬಿಡಲಾಯಿತು. ರಜೆಯನ್ನು ನಿರಾಕರಿಸಲಾಯಿತು.

ಹದಿನಾರರ ಸಂಜೆ, ಇದ್ದಬದ್ದ ಧೈರ್ಯ ಕೂಡಿಸಿಕೊಂಡು ಸಾಹೇಬರ ಮುಂದೆ ಹೋಗಿ ನಿಂತರು.

"ಬಂದ್ರಾ, ಒಳ್ಳೇದಾಯ್ತು," ಎಂದರು ಸಾಹೇಬರು. "ನಾಳೆ ನನ್ನ ಕೋಣೆಗೆ ಹೊಸ ಪರದೆ ಹಾಕ್ತಾರೆ. ಏಣಿ ಹಿಡ್ಕೊಳ್ಳೋಕೆ ಒಬ್ರು ಬೇಕು."

"ಆಯ್ತು ಸಾರ್."

ಹದಿನೇಳರಂದು ಆಯ್ತಪ್ಪನವರು ಬೆಳಿಗ್ಗೆ ಒಂಬತ್ತರಿಂದ ಏಣಿ ಹಿಡಿದುಕೊಂಡಿದ್ದರು. ಹೆಂಡತಿ ಅಷ್ಟು ಹೊತ್ತೂ ಆಸ್ಪತ್ರೆಯ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮೂರು ಗಂಟೆಗೆ ನರ್ಸು ಬಂದು, "ಅಮ್ಮಾ, ಇನ್ನು ಏಪ್ರಿಲ್‌ಗೇ," ಎಂದರು. ಪರದೆಗಳು ನೀಲಿ ಬಣ್ಣದವು, ಚೆನ್ನಾಗಿ ಕೂತವು. ಆ ವಾರದಿಂದ ಸೂಜಿಗಳು ಹನ್ನೆರಡರಿಂದ ಇಪ್ಪತ್ತಾದವು, ಏಕೆಂದರೆ ಪೋಣಿಸಿದ ದಾರ ಎಲ್ಲಿ ಕಳಚಿಕೊಂಡಿತೆಂದು ಆಕೆಗೆ ತಿಳಿಯುತ್ತಿರಲಿಲ್ಲ.

ನವೆಂಬರಿನಲ್ಲಿ ಸಾಹೇಬರಿಗೆ ಬಡ್ತಿ ಬಂತು. ಬೀಳ್ಕೊಡುಗೆ ಸಭೆಯಲ್ಲಿ ಸಿಬ್ಬಂದಿಗೆಂದು ಐದು ಕುರ್ಚಿ ಹಾಕಿದ್ದರು. ಆಯ್ತಪ್ಪನವರು ಯಾವುದರಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಇದ್ದರು. ಸಿಬ್ಬಂದಿಯ ಒಗ್ಗಟ್ಟನ್ನು ಕೊಂಡಾಡುತ್ತ ಸಾಹೇಬರು ಭಾವುಕರಾದರು. "ಇಷ್ಟು ದುಡಿದಿದ್ದೀರಿ. ಏನು ಬೇಕು ಕೇಳ್ರೀ!"

"ಏನಿಲ್ಲ ಸಾರ್. ಒಂದು ದಿನ ರಜೆ ಕೇಳಿದ್ದೆ, ಸಿಗ್ಲಿಲ್ಲ."

"ಯಾರ್ರೀ ಕೊಡದೇ ಇದ್ದೋರು?"

"ಮೇಲ್ವಿಚಾರಕರು ಸಾರ್."

"ಎಂಥಾ ಕಲ್ಲುಮನಸ್ಸಿನ ಮನುಷ್ಯ!" ಎಂದರು ಸಾಹೇಬರು. ಸಭೆ ಹೌದೆಂದು ತಲೆಯಾಡಿಸಿತು. ಆ ಹಳೆಯ ಅರ್ಜಿಯನ್ನು ತರಿಸಿ, ನಿಂತ ನಿಲುವಿನಲ್ಲೇ ಅದರ ಮೇಲೆ ಆದೇಶ ಬರೆದರು. ಚಪ್ಪಾಳೆ ಬಹಳ ಹೊತ್ತು ನಡೆಯಿತು.

ಮನೆಗೆ ಬಂದಾಗ ಹೆಂಡತಿ ಕಾಗದದ ಸದ್ದು ಕೇಳಿ ತಲೆಯೆತ್ತಿದಳು. "ಮೂರು ವರ್ಷಕ್ಕೆ ಕೊನೆಗೂ ಏನೋ ಕೊಟ್ರಲ್ಲ! ಓದಿ ನೋಡೋಣ."

ಅವರು ಓದಿದರು. "ಐದು ಹುದ್ದೆಗಳಲ್ಲಿ ಮೂರು ವರ್ಷ ಸಲ್ಲಿಸಿದ ನಿಷ್ಠಾವಂತ ಸೇವೆಗೆ ಪ್ರತಿಫಲವಾಗಿ, ಅರ್ಜಿದಾರರು ಕೋರಿರುವಂತೆಯೇ, ಒಂದು ದಿನದ ರಜೆಯನ್ನು ಸಂತೋಷದಿಂದ ಮಂಜೂರು ಮಾಡಿದೆ."

"ಸದ್ಯ, ಏಪ್ರಿಲ್‌ಗೆ ಆಗುತ್ತೆ. ಯಾವತ್ತು ಬೇಕಾದ್ರೂ ಹಾಕ್ಬಹುದಾ?"

"ಇಲ್ಲ. ಅರ್ಜೀಲಿ ಇದ್ದ ತಾರೀಕಿಗೇ ಕೊಟ್ಟಿದ್ದಾರೆ. ಅಕ್ಟೋಬರ್ ಹದಿನೇಳು."

ಆಕೆ ತಡಕಾಡಿ ದಿಂಬನ್ನು ಅವರ ಕಡೆ ಸರಿಸಿದಳು. ಅವರು ಸೂಜಿಯೊಂದನ್ನು ಬೆಳಕಿಗೆ ಹಿಡಿದರು.

"ಇನ್ನೊಂದು ಕಾಗದ ಇದ್ದ ಹಾಗಿತ್ತು?"

"ನೋಟೀಸು. ಆವತ್ತು ರಜೆ ಇದ್ರೂ ಅನುಮತಿ ಇಲ್ದೆ ಕಚೇರಿಗೆ ಬಂದು ಏಣಿ ಹಿಡ್ಕೊಂಡಿದ್ದಕ್ಕೆ ಸಮಜಾಯಿಷಿ ಕೇಳಿದೆ."

"ಅದನ್ಯಾರು ಕೊಟ್ಟಿದ್ದು?"

ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡು ಆಯ್ತಪ್ಪನವರು ಹೇಳಿದರು: "ನಾನೇ."