ದ್ರಾಕ್ಷಿ ತೋಟದ ಮನೆಯಲ್ಲಿ ಉಗುರುಬಣ್ಣ

ನಮ್ಮ ಮನೆಯಲ್ಲಿ ನಾನು ಹೊಸ ನೇಲ್ ಪಾಲಿಶ್ ಬಾಟಲಿಯ ಮುಚ್ಚಳ ತೆಗೆದ ದಿನ ಯಾರಾದರೊಬ್ಬರ ಎದೆ ಧಸಕ್ಕೆನ್ನುವುದು ಗ್ಯಾರಂಟಿ. ಬಾಟಲಿ ನೋಡಿದರೆ ಹೆಬ್ಬೆರಳಿನಷ್ಟು. ಅದರಿಂದ ಆಗುವ ಗದ್ದಲ ಮಾತ್ರ ಓಣಿ ತುಂಬುವಷ್ಟು.

ನನ್ನ ತವರು ನಿಪ್ಪಾಣಿ. ಮದುವೆಗೆ ಮುಂಚೆ ಅಲ್ಲಿ ಪಾರ್ಲರ್ ಕೆಲಸ ಕಲಿತಿದ್ದೆ. ಮದುವೆಯಾಗಿ ಬಂದದ್ದು ಅಥಣಿ ತಾಲೂಕಿಗೆ, ತೆಲಸಂಗದ ಕಡೆಯ ಒಂದು ದ್ರಾಕ್ಷಿ ತೋಟದ ಮನೆಗೆ. ಮನೆಯ ಮುಂದೆ ರಸ್ತೆಗೆ ಬಾಗಿಲಿರುವ ಒಂದು ಖೋಲಿ ಇದೆ. ಅದರ ತುಂಬ ದ್ರಾಕ್ಷಿಯ ಖಾಲಿ ಕ್ರೇಟುಗಳು. ಆ ಖೋಲಿಯಲ್ಲಿ ಉಗುರು ಅಲಂಕಾರದ ಸಣ್ಣ ಅಂಗಡಿ ಇಡಬೇಕೆಂಬುದು ನನ್ನ ಆಸೆ. ಅದೂ ಎಲ್ಲರ ಹತ್ತಿರ ಸಿಗುವ ನುಣುಪು ಬಣ್ಣವಲ್ಲ. ಒಣಗಿದರೆ ಉಸುಕಿನಂತೆ ಒರಟಾಗುವುದು, ತಾನಾಗಿ ಬಿರುಕು ಬಿಡುವುದು, ಆಯಸ್ಕಾಂತ ಹಿಡಿದರೆ ಗೆರೆ ಮೂಡುವುದು, ಮಖಮಲ್ಲಿನಂತೆ ಮೆತ್ತಗಾಗುವುದು, ಇಂಥವು.

ಒಂದು ದಿನ ಧೈರ್ಯ ಮಾಡಿ ಅತ್ತೆಯನ್ನು ಕೇಳಿದೆ. ಅವರು ಇಲ್ಲ ಅನ್ನಲಿಲ್ಲ. ಇಲ್ಲ ಅಂದಿದ್ದರೆ ಒಂದು ದಿನ ಅತ್ತು ಸುಮ್ಮನಾಗುತ್ತಿದ್ದೆ.

"ಯಾರರೆ ಒಬ್ಬರು, ನೀ ಕರೀದನ, ತಾವಾಗೇ ಬಂದು ನಿನ್ನ ಮುಂದ ಕೈ ಚಾಚಲಿ. ಅವತ್ತ ಖೋಲಿ ಖಾಲಿ ಮಾಡಸ್ತೀನಿ," ಅಂದರು.

ಅಂದಿನಿಂದ ನನ್ನ ಸ್ವಂತ ಉಗುರುಗಳ ಮೇಲೆ ಪ್ರಯೋಗ ಶುರುವಾಯಿತು. ನಾಲ್ಕು ಮಂದಿ ಕೈ ನೋಡಿದರೆ ತಾನೇ ಒಬ್ಬರಾದರೂ ಬರುವುದು?

ಉಸುಕು

ಮೊದಲು ಹಚ್ಚಿದ್ದು ಉಸುಕಿನ ಬಗೆಯದು. ಕಂದು ಬಣ್ಣ, ಒಣಗಿದ ಮೇಲೆ ಬೆರಳಾಡಿಸಿದರೆ ಗರಗರ. ನನಗಂತೂ ನನ್ನ ಕೈಯನ್ನು ಎಷ್ಟು ನೋಡಿದರೂ ಸಾಲದು. ಅದೇ ಖುಷಿಯಲ್ಲಿ ರೊಟ್ಟಿ ಬಡಿಯಲು ಕುಳಿತೆ.

ಅತ್ತೆ ಒಲೆಯ ಮುಂದಿದ್ದರು. "ಕೈ ತೊಳ್ದಿಯೇನ?"

"ತೊಳದೇನ್ರಿ ಅತ್ತ್ಯಾರ."

"ಮತ್ತ ಉಗುರ ತುಂಬ ರಾಡಿ ಐತಲ್ಲ?"

ನಾನು ಬಾಯಿ ತೆರೆಯುವುದರೊಳಗೆ ಅವರು ನನ್ನ ಕೈ ಹಿಡಿದು ಬಚ್ಚಲಿಗೆ ಎಳೆದೊಯ್ದರು. ತೆಂಗಿನ ನಾರು ತೆಗೆದುಕೊಂಡು ಪಾತ್ರೆ ತಿಕ್ಕುವಂತೆ ತಿಕ್ಕಿದರು. ಒಂದು ಉಗುರು ಆಯಿತು, ಎರಡನೆಯದು ಆಯಿತು, ಒಂದು ಕಣವೂ ಅಲುಗಲಿಲ್ಲ. ಅತ್ತೆಗೆ ಬೆವರು ಬಂತು. ಅವರ ತಿಕ್ಕುವ ಕೈಯನ್ನು ಸೋಲಿಸಿದ ರಾಡಿಯನ್ನು ಅವರು ಅದುವರೆಗೆ ಕಂಡಿರಲಿಲ್ಲ. ಕೊನೆಗೆ ನಾನೇ ಮೆತ್ತಗೆ ಹೇಳಿದೆ, "ಅದು ರಾಡಿ ಅಲ್ರಿ, ಬಣ್ಣ. ರೊಕ್ಕ ಕೊಟ್ಟು ತರಿಸಿ ಹಚ್ಕೊಂಡೀನಿ."

ಅತ್ತೆ ನಾರು ಕೆಳಗಿಟ್ಟು ನನ್ನ ಮುಖ ನೋಡಿದರು. "ತೋಟದಾಗ ಕಸಾ ತಗ್ಯಾಕ ಬಾ ಅಂದ್ರ ಒಲ್ಲೆ ಅಂತಿ. ಬಂದಿದ್ರ ಇದು ಪುಕ್ಕಟ ಸಿಗತಿತ್ತಲ್ಲ ಬೇ."

ಬಿರುಕು

ಎರಡನೆಯದಕ್ಕೆ ಕೆಳಗೆ ಒಂದು ಬಣ್ಣ, ಮೇಲೆ ಇನ್ನೊಂದು. ಮೇಲಿನದು ಒಣಗುತ್ತಾ ಕೆರೆಯ ತಳದ ಹಾಗೆ ಸೀಳಿಕೊಳ್ಳುತ್ತದೆ. ಕೆಳಗೆ ತಿಳಿ ಗುಲಾಬಿ, ಮೇಲೆ ಬಿಳಿ ಹಚ್ಚಿದ್ದೆ. ಚೆಲುವಾಗಿಯೇ ಬಂದಿತ್ತು, ಆದರೆ ದೂರದಿಂದ ನೋಡಿದವರಿಗೆ ಉಗುರೇ ಒಡೆದಂತೆ ಕಾಣುತ್ತಿತ್ತು. ಅದು ನನಗೆ ಹೊಳೆದಿರಲಿಲ್ಲ.

ಅವತ್ತೇ ಆರೋಗ್ಯ ವಿಚಾರಿಸುವ ಅಕ್ಕ ಮನೆಮನೆಗೆ ಬರುತ್ತಾ ನಮ್ಮಲ್ಲಿಗೂ ಬಂದರು. ನೀರು ಕೊಟ್ಟೆ. ಅವರು ಲೋಟ ತೆಗೆದುಕೊಳ್ಳುತ್ತಾ ನನ್ನ ಬೆರಳು ನೋಡಿ, ಅತ್ತೆಯ ಕಡೆ ತಿರುಗಿ, "ಮೈಯಾಗ ರಕ್ತ ಕಡಿಮಿ ಇದ್ದಂಗ ಕಾಣ್ತೈತ್ರಿ. ಸ್ವಲ್ಪ ಛಲೋ ತಿನ್ನಾಕ ಹಾಕ್ರಿ," ಅಂದುಬಿಟ್ಟರು.

ಸೊಸೆಗೆ ತಿನ್ನಲು ಹಾಕುವುದಿಲ್ಲ ಎಂಬ ಮಾತು ಓಣಿಗೆ ಹೋದರೆ ಅತ್ತೆಯ ಮರ್ಯಾದೆ ಏನಾಗಬೇಕು? ಆ ಅಕ್ಕ ಪಕ್ಕದ ಮನೆ ಮುಟ್ಟುವ ಮೊದಲೇ ನನ್ನ ಮುಂದೆ ಶೇಂಗಾ ಉಂಡಿ, ಉತ್ತತ್ತಿ, ಒಂದು ಲೋಟ ಹಾಲು. ಹೇಳಬೇಕೆಂದು ಬಾಯಿ ತೆರೆದೆ, ಅತ್ತೆ ಅದರೊಳಗೆ ಉಂಡಿ ಇಟ್ಟರು.

"ಕೊಡ ಎತ್ತಬ್ಯಾಡ. ಕುಂಡ್ರು," ಅಂದರು.

ಈ ಮನೆಗೆ ಬಂದ ಮೇಲೆ ಹಗಲು ಹೊತ್ತಿನಲ್ಲಿ 'ಕುಂಡ್ರು' ಎಂಬ ಮಾತು ಕೇಳಿದ್ದು ಅದೇ ಮೊದಲು. ಸುಳ್ಳು ಯಾಕೆ ಹೇಳಲಿ, ಕುಳಿತೆ. ಬಣ್ಣ ಸವೆದಲ್ಲಿ ಗುಟ್ಟಾಗಿ ಮತ್ತೊಮ್ಮೆ ಹಚ್ಚಿದೆ ಕೂಡ. ಕುಳಿತು ಕುಳಿತು ರವಿಕೆ ಬಿಗಿಯಾಗತೊಡಗಿದ ಮೇಲೆ ಮನಸ್ಸು ತಡೆಯದೆ ಬಣ್ಣ ಒರೆಸಿ, "ನೋಡ್ರಿ, ಆರಾಮ ಆತು," ಎಂದು ಉಗುರು ತೋರಿಸಿದೆ.

ಅತ್ತೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ತಮ್ಮ ಉಂಡಿಯ ಗುಣ ಅಂತ ಓಣಿಗೆಲ್ಲ ಹೇಳಿಕೊಂಡು ಬಂದರು. ಉಗುರು ಒಡೆದವರು, ಹಿಮ್ಮಡಿ ಸೀಳಿದವರು, ಕೂದಲು ಉದುರುವವರು ಒಬ್ಬೊಬ್ಬರಾಗಿ ಮನೆಗೆ ಬರತೊಡಗಿದರು. ಯಾರೂ ಕರೆದಿರಲಿಲ್ಲ, ತಾವಾಗೇ ಬಂದು ಕೈಯನ್ನೂ ಚಾಚಿದರು. ಎಲ್ಲರೂ ಚಾಚಿದ್ದು ಅತ್ತೆಯ ಉಂಡಿಗೆ.

ಆಯಸ್ಕಾಂತ

ಮೂರನೆಯ ಬಾಟಲಿಯ ಬಣ್ಣದಲ್ಲಿ ಕಬ್ಬಿಣದ ನುಣ್ಣನೆ ಪುಡಿ ಇರುತ್ತದೆ. ಹಸಿಯಿದ್ದಾಗ ಮೇಲೆ ಆಯಸ್ಕಾಂತ ಹಿಡಿದರೆ ಬೆಕ್ಕಿನ ಕಣ್ಣಿನಂತೆ ಹೊಳೆಯುವ ಗೆರೆ ಮೂಡುತ್ತದೆ. ಬಾಟಲಿಯ ಜೊತೆ ಬಂದಿದ್ದ ಪುಟ್ಟ ಆಯಸ್ಕಾಂತವನ್ನು ನಾನು ಎಲ್ಲೋ ಇಟ್ಟು ಕಳೆದುಕೊಂಡೆ. ನಮ್ಮವರಿಗೆ ಹೇಳಿದೆ.

"ಮ್ಯಾಗ್ನೆಟ್ ಹೌದಿಲ್ಲೊ? ಕೊಟ್ಟಿಗ್ಯಾಗ ಐತಿ," ಎಂದು ಹೋದವರು ಹಳೆಯ ಲೌಡ್‌ಸ್ಪೀಕರ್ ಒಡೆದು ಅದರೊಳಗಿನದನ್ನು ತಂದುಕೊಟ್ಟರು. ತಾಟಿನಷ್ಟು ಅಗಲ, ಎತ್ತಲು ಎರಡು ಕೈ ಬೇಕು.

ಅದೇ ಹೊತ್ತಿಗೆ ಎದುರು ಮನೆಯ ವೈನಿ ಬಂದರು; ಅತ್ತಿಗೆಗೆ ನಮ್ಮ ಕಡೆ ವೈನಿ ಅನ್ನುತ್ತಾರೆ. ತವರಿನ ಮದುವೆಗೆ ರಾಯಬಾಗಕ್ಕೆ ಹೊರಟಿದ್ದರು. ಕೈಯಲ್ಲಿ ಹೊಸ ಪಾಟ್ಲಿ ಬಳೆ. ಕಬ್ಬು ಮಾರಿದ ಹಣ ಬಂದಾಗ ಗಂಡ ಮಾಡಿಸಿಕೊಟ್ಟ ಬಂಗಾರ ಎಂದು ಓಣಿಯಲ್ಲಿ ಎಲ್ಲರಿಗೂ ತೋರಿಸಿ ಬಂದಿದ್ದರು. "ಅದೇನ ಹೊಸಾ ಬಣ್ಣ ತರಿಸೀಯಂತಲ್ಲ, ನೋಡೂಣು," ಅಂದರು. ತಟ್ಟನೆ ಚಾಪೆ ಹಾಸಿ ಕೂರಿಸಿದೆ. ಅತ್ತೆ ಪರೀಕ್ಷೆಯ ಕೋಣೆಯಲ್ಲಿ ನಿಂತ ಮಾಸ್ತರರ ಹಾಗೆ ಬಾಗಿಲಿಗೆ ಬಂದು ನಿಂತರು.

ಗೆರೆ ಹೇಗೆ ಮೂಡುತ್ತದೆಂದು ನನ್ನ ಉಗುರಿನ ಮೇಲೇ ತೋರಿಸಲು ಆಯಸ್ಕಾಂತ ಎತ್ತಿದೆ. ವೈನಿ ನೋಡಲು ಬಾಗಿದರು. ಟಣ್ ಅಂತ ಸದ್ದಾಯಿತು. ಪಾಟ್ಲಿ ಹೋಗಿ ಆಯಸ್ಕಾಂತಕ್ಕೆ ಅಂಟಿತ್ತು, ಅದರ ಹಿಂದೆ ವೈನಿಯ ಕೈಯೂ ಬಂದಿತ್ತು.

ಬಂಗಾರ ಆಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬುದು ಮೂವರಿಗೂ ಗೊತ್ತು. ನಾನು ಒಂದು ಕಡೆ, ವೈನಿ ಒಂದು ಕಡೆ ಜಗ್ಗಿ ಬಿಡಿಸಿಕೊಂಡೆವು. ವೈನಿ ಸೆರಗಿನಿಂದ ಕೈ ಮುಚ್ಚಿಕೊಂಡು ಎದ್ದು, "ನೋಡ್ರಿ, ನಮ್ಮ ಬಂಗಾರಕ್ಕೂ ನಿಮ್ಮ ಮನಿ ಬಿಟ್ಟ ಬರಾಕ ಮನಸ್ಸಿಲ್ಲ," ಎಂದು ನಗುತ್ತಾ ಹೊರಟುಹೋದರು. ಆ ಮಾತಿಗೆ ನಾನು ಇಂದಿಗೂ ಅವರಿಗೆ ಕೈ ಮುಗಿಯುತ್ತೇನೆ. ಅತ್ತೆಯೂ ಪಾಟ್ಲಿಯ ವಿಷಯ ಯಾರ ಮುಂದೆಯೂ ಎತ್ತಲಿಲ್ಲ.

ಆದರೆ ನನಗೆ ನನ್ನ ಚಿಂತೆ. "ಅತ್ತ್ಯಾರ, ವೈನಿ ತಾವಾಗೇ ಬಂದ್ರಲ್ಲ, ಕೈನೂ ಮುಂದ ಬಂತಲ್ಲ?" ಎಂದೆ.

"ಆಕಿ ಎಲ್ಲಿ ಚಾಚಿದ್ಲು? ಮ್ಯಾಗ್ನೆಟ್ ಜಗ್ಗಿತು."

ಭುರಿ

ಇಷ್ಟಾದ ಮೇಲೆ ನಿಜವಾಗಿ ಬೇಜಾರಾಯಿತು. ತವರಿಗೆ ಫೋನ್ ಮಾಡಿ, ಎಲ್ಲ ಬಾಟಲಿ ತಂಗಿಗೆ ಕಳಿಸುತ್ತೇನೆ ಎಂದು ಅತ್ತುಬಿಟ್ಟೆ. ಅವ್ವ ಸಮಾಧಾನ ಹೇಳುವ ಪೈಕಿ ಅಲ್ಲ. "ಇನ್ನೂ ಬಿಚ್ಚಲಾರದ್ದು ಐತೇನ?" ಎಂದು ಕೇಳಿದಳು. ಒಂದಿದೆ ಅಂದೆ. "ಅದನ್ನ ಹಚ್ಚು. ಆಮ್ಯಾಲ ಅಳು."

ಉಳಿದಿದ್ದು ಮಖಮಲ್ಲಿನದು. ಹಸಿ ಬಣ್ಣದ ಮೇಲೆ ಬೂದಿಯಂಥ ಬಿಳಿ ಪುಡಿ ಉದುರಿಸಬೇಕು, ಅಂಟಿಕೊಂಡು ಒಣಗಿದರೆ ಉಗುರು ಕರುವಿನ ಕಿವಿಯಷ್ಟು ಮೆತ್ತಗೆ. ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ಎಡಗೈಗೆ ಹಚ್ಚಿದೆ. ಪುಡಿ ಉಗುರಿಗೆ ಹತ್ತಿದ್ದಕ್ಕಿಂತ ಗಾಳಿಗೆ ಹಾರಿದ್ದೇ ಹೆಚ್ಚು. ಅಷ್ಟರಲ್ಲಿ ಹಾಲು ಉಕ್ಕುವ ಸದ್ದು ಕೇಳಿ ಒಳಗೆ ಓಡಿದೆ.

ಪಡಸಾಲೆಯ ಗೋಡೆಯ ಮಾಡದಲ್ಲಿ ಒಂದು ತಾಟು ಇತ್ತು, ತಾಟಿನಲ್ಲಿ ಒಂದು ದ್ರಾಕ್ಷಿ ಗೊನೆ. ಕಟಾವು ಹತ್ತಿರ ಬಂದಿತ್ತು, ಸಿಹಿ ಎಷ್ಟು ಕೂಡಿದೆ ಎಂದು ನೋಡಲು ಮಾವ ಬೆಳಿಗ್ಗೆ ಕಿತ್ತು ತಂದಿದ್ದರು. ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದು ಅದರ ಮುಂದೆ ನಿಂತರು.

ನಮ್ಮ ಮಾವ ಕೂಗಾಡುವವರಲ್ಲ. ಅವರ ದನಿ ಸಣ್ಣದಾದರೆ ನಮಗೆ ಭಯ. ಅವತ್ತು ದನಿ ಬಹಳ ಸಣ್ಣದಾಗಿತ್ತು. ಮಗನನ್ನು ಕರೆದು, "ಭುರಿ ಬಿದ್ದೈತಿ," ಅಂದರು.

ಭುರಿ ಅಂದರೆ ದ್ರಾಕ್ಷಿಗೆ ಬರುವ ಬೂದಿರೋಗ. ಕಾಯಿ ಮೇಲೆ ಬಿಳಿ ಬೂದಿ ಎರಚಿದಂತೆ ಕಾಣುತ್ತದೆ. ಬಿಟ್ಟರೆ ತೋಟಕ್ಕೆಲ್ಲ ಹರಡುತ್ತದೆ. ಕಟಾವಿನ ಹೊತ್ತಿಗೆ ಔಷಧ ಹೊಡೆದರೆ ವ್ಯಾಪಾರಿ ಮುಟ್ಟುವುದಿಲ್ಲ. ಎರಡೂ ಕಡೆಯಿಂದ ಹೋಯಿತು.

ಸುದ್ದಿ ತಿಳಿದು ಅಕ್ಕಪಕ್ಕದ ತೋಟದವರು ಬೈಕಿನ ಮೇಲೆ ಬಂದರು. ಅವರಲ್ಲೊಬ್ಬರು ಅಂಗಿಯ ಕಿಸೆಯಲ್ಲಿ ಯಾವಾಗಲೂ ಭೂತಗನ್ನಡಿ ಇಟ್ಟುಕೊಂಡಿರುವವರು. ಅದನ್ನು ಹಿಡಿದು ಗೊನೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಭುರೀನ ಐತ್ರಿ ಕಾಕಾ. ಆದ್ರ ಇಷ್ಟ ಬೆಳ್ಳಗ ನಾ ಎಂದೂ ನೋಡಿಲ್ಲ."

"ಸಾಂಗ್ಲಿ ಕಡಿಂದ ಗಾಳಿ ಬೀಸಾಕತ್ತೈತಲ್ಲ, ಅತ್ತಾಗಿಂದ ಬಂದಿರಬೇಕು," ಎಂದರು ಇನ್ನೊಬ್ಬರು.

ಹೇಗಾದರಾಗಲಿ, ಒಂದು ಕಡೆಗಷ್ಟೇ ಔಷಧ ಹೊಡೆದು ಅರ್ಧ ತೋಟವಾದರೂ ಉಳಿಸೋಣ ಎಂದು ನಿರ್ಧಾರವಾಯಿತು. ನಮ್ಮವರು ಔಷಧದ ಟ್ಯಾಂಕನ್ನು ಟ್ರ್ಯಾಕ್ಟರಿಗೆ ಕಟ್ಟಲು ಹಿತ್ತಲಿಗೆ ಹೋದರು. ಒಳಗಿದ್ದ ನನಗೆ ಇದೊಂದೂ ತಿಳಿಯದು. ಮಂದಿ ಬಂದಿದ್ದಾರೆ ಅಂತಷ್ಟೇ ತಿಳಿದು ಚಹಾ ಮಾಡಿ ತಂದೆ.

ಭೂತಗನ್ನಡಿಯವರು ಕಪ್ಪಿಗೆ ಚಾಚಿದ ಕೈ ಹಿಂದೆಗೆದು ನನಗೆ ಅಂದರು, "ವೈನಿ, ಕೈ ಹಂಗ ಹಿಡೀರಿ." ಗಾಜು ನನ್ನ ಉಗುರಿನ ಮೇಲೆ ಬಂತು. ಬಹಳ ಹೊತ್ತು ನೋಡಿದರು. ಆಮೇಲೆ ಮಾವನ ಕಡೆ ತಿರುಗಿ ಮೆಲ್ಲಗೆ ಅಂದರು, "ಕಾಕಾ, ಭುರಿ ಈಗ ಮನಿಷ್ಯಾರಿಗೂ ಹತ್ತಾಕತ್ತೈತಿ."

ಚಹಾ ಕುಡಿಯುತ್ತಿದ್ದವರೆಲ್ಲ ಕಪ್ಪು ಕೆಳಗಿಟ್ಟರು.

ನಾನು ಗೊನೆ ನೋಡಿದೆ, ಫ್ಯಾನು ನೋಡಿದೆ, ನನ್ನ ಕೈ ನೋಡಿದೆ. ಇನ್ನು ಖೋಲಿಯ ಮಾತು ಮುಗಿಯಿತು, ಮನೆಯಲ್ಲಿ ಉಳಿಸಿಕೊಂಡರೆ ಸಾಕು ಅನ್ನಿಸಿತು. ಒಳಗಿನಿಂದ ಪುಡಿಯ ಡಬ್ಬಿ ತಂದು ಮಾವನ ಮುಂದಿಟ್ಟು ಎಲ್ಲ ಹೇಳಿದೆ.

ಮಾವ ಗೊನೆ ಎತ್ತಿ ಉಫ್ ಎಂದು ಊದಿದರು. ಭುರಿ ಹಾರಿಹೋಯಿತು. ಕಾಯಿ ಹಸಿರಾಗಿ ಹೊಳೆಯಿತು. ನಂಬಿಕೆ ಸಾಲದೆ ಇನ್ನೊಮ್ಮೆ ಊದಿದರು. ಆಮೇಲೆ ಹಿತ್ತಲಿಗೆ ಕೇಳುವಂತೆ, "ಟ್ರ್ಯಾಕ್ಟರ್ ಬಂದ್ ಮಾಡೋ," ಅಂದರು. ದನಿ ದೊಡ್ಡದಾಗಿತ್ತು. ನನಗೆ ಜೀವ ಬಂತು.

ಡಬ್ಬಿಯನ್ನು ಬೆಳಕಿಗೆ ಹಿಡಿದು, ನನ್ನ ಉಗುರನ್ನೂ ನೋಡಿ, ತಲೆ ಆಡಿಸಿದರು. "ಥೇಟ ಭುರಿ. ಹೊಸದಾಗಿ ಬಳ್ಳಿ ಹಚ್ಚಿದ ಹುಡುಗರು ಭುರಿ ಹೆಂಗಿರ್ತೈತ್ರಿ ಅಂತ ಕೇಳಾಕ ಬರ್ತಾರ. ಬಾಯಿಲೆ ಹೇಳಿ ಹೇಳಿ ಸಾಕಾಗೈತಿ." ಹಾಗೆ ಹೇಳಿ ನನ್ನ ಮುಂದೆ ಹೆಬ್ಬೆರಳು ಚಾಚಿದರು. "ಹಚ್ಚವ್ವಾ. ನೋಡಿದ್ರ ತಿಳೀಬೇಕು."

ಹಚ್ಚಿದೆ. ಭೂತಗನ್ನಡಿಯವರು ಅಂಗಿಯ ತೋಳು ಮಡಿಸಿ, "ನಂದೂ ಒಂದ ಆಗಲ್ರಿ ವೈನಿ," ಎಂದು ಪಕ್ಕಕ್ಕೆ ಕುಳಿತರು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಒಮ್ಮೆ ಗಂಡನ ಹೆಬ್ಬೆರಳು ನೋಡಿದರು, ಒಮ್ಮೆ ನನ್ನನ್ನು. "ಯಾರರೆ ಒಬ್ಬರು ಅಂದಿದ್ದೆ, ಖರೆ. ಮೀಸಿ ಇದ್ದವರು ಬರತಾರ ಅಂತ ನನಗೇನ ಗೊತ್ತಿತ್ತು?" ಎಂದವರೇ, ಟ್ರ್ಯಾಕ್ಟರ್ ನಿಲ್ಲಿಸಿ ಬಂದ ಮಗನಿಗೆ ಕ್ರೇಟು ಹೊರಲು ಹೇಳಿದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ, ಸಂತೋಷಕ್ಕೆ.

ಗಂಡಂದಿರ ಬೆರಳಿನ ಮೇಲೆ ಮಖಮಲ್ಲು ಕಂಡ ಹೆಂಡಂದಿರು ಸುಮ್ಮನಿರುತ್ತಾರೆಯೇ? ಖೋಲಿಗೆ ಸುಣ್ಣ ಹಚ್ಚಿ ಬೆಂಚು ಹಾಕಿದ ದಿನವೇ ಬಂದು ಸರದಿಯಲ್ಲಿ ಕುಳಿತರು. ತೋಟದಿಂದ ಬಂದ ಮಾವ ಚಪ್ಪಲಿ ಹೊರಗೆ ಬಿಟ್ಟು, ಟೊಪ್ಪಿಗೆ ತೆಗೆದು, ಅವರ ನಡುವೆಯೇ ಒಂದು ಕಡೆ ಕುಳಿತು, ತಮ್ಮ ಸರದಿ ಬಂದಾಗ ತೋರುಬೆರಳು ಮುಂದೆ ಮಾಡಿದರು.

"ಭುರಿ ಎಲ್ಲಾರಿಗೂ ತಿಳೀತು. ಇದಕ್ಕ ಡೌನಿ ರೋಗ ಹಚ್ಚವ್ವಾ. ಹಳದಿ ಇರ್ಲಿ, ಎಲಿ ಮ್ಯಾಲ ಎಣ್ಣಿ ಹನಿ ಬಿದ್ದಂಗ ಕಾಣಬೇಕು."