ಸರಿಪಡಿಸಿದ ದೋಷವನ್ನು ವಾಪಸು ಹಾಕಿಕೊಡುವ ಬಗ್ಗೆ

ಇಂದ:
ಸ್ವಯಂಸೇವಕ ಪರೀಕ್ಷಕ (ಸಂಬಳವಿಲ್ಲ, ಗುರುತಿನ ಚೀಟಿಯಿಲ್ಲ, ಮನೆಯಲ್ಲಿ ಮರ್ಯಾದೆಯೂ ಅಷ್ಟಕ್ಕಷ್ಟೆ),
ಹೆಂಡತಿಯ ಫೋಟೋ ಸ್ಟುಡಿಯೋ, ಹಿಂಬದಿಯ ಸ್ಟೂಲು.

ಗೆ:
ಬಿಡುಗಡೆ ಮುಖ್ಯಸ್ಥರು,
ಎಲ್ಲರದೂ ಆಗಿ ಯಾರದೂ ಅಲ್ಲದ ಮುಕ್ತ ಆಪರೇಟಿಂಗ್ ಸಿಸ್ಟಂ ಯೋಜನೆ.

ವಿಷಯ: ತಾವು ಪ್ರಿಂಟರ್ ದೋಷವನ್ನು ಸರಿಪಡಿಸಿ ಅರ್ಜಿದಾರನ ಸಂಸಾರ ಕೆಡಿಸಿದ್ದು, ಸದರಿ ದೋಷವನ್ನು ಇದ್ದಲ್ಲಿಗೇ ವಾಪಸು ಹಾಕಿಕೊಡುವ ಕುರಿತು.

ಉಲ್ಲೇಖ: “ಸರಿಪಡಿಸಲಾಗಿದೆ, ಧನ್ಯವಾದ” ಎಂಬ ತಮ್ಮ ಮೊನ್ನೆಯ ಪತ್ರ.

ಮಾನ್ಯರೇ,

೧. ಅರ್ಜಿದಾರನು ತಮ್ಮ ಸಿಸ್ಟಂ ಬಿಡುಗಡೆಯಾಗುವ ಮುಂಚೆಯೇ, ಅಂದರೆ ಅರೆಬೆಂದಾಗಲೇ ಬಡಿಸಿಕೊಂಡು ಉಂಡು, ಎಲ್ಲಿ ಕಲ್ಲು ಸಿಕ್ಕಿತೆಂದು ವರದಿ ಮಾಡುವವನು. ಕಲ್ಲು ಸಿಕ್ಕಷ್ಟೂ ಅವನಿಗೆ ಖುಷಿ. ಸ್ವಂತ ಕಂಪ್ಯೂಟರ್ ಇಲ್ಲದ ಕಾರಣ, ಹೆಂಡತಿ ಊಟಕ್ಕೆ ಹೋದ ಹೊತ್ತು ನೋಡಿ, ಅವಳ ಸ್ಟುಡಿಯೋದ ಕಂಪ್ಯೂಟರಿಗೇ ಸದರಿ ಅರೆಬೆಂದದ್ದನ್ನು ಹಾಕಿದ. ಕೇಳಿದ್ದರೆ ಬೇಡ ಅನ್ನುತ್ತಿದ್ದಳು, ಆದ್ದರಿಂದ ಕೇಳಲಿಲ್ಲ.

೨. ಅಂದು ಸಂಜೆ ಬಂದ ನಿವೃತ್ತ ಹೆಡ್‌ಮಾಸ್ತರರ ಮುಖ ಪಡವಲಕಾಯಿಯಷ್ಟು ಉದ್ದಕ್ಕೆ ಅಚ್ಚಾಯಿತು. ಹೆಂಡತಿ ಹಣೆ ಚಚ್ಚಿಕೊಂಡಳು. ಅರ್ಜಿದಾರ “ಭೇಷ್!” ಎಂದು ಚಪ್ಪಾಳೆ ತಟ್ಟಿದ.

“ಸಾರ್, ಹಾಗೇ ಇನ್ನೊಂದ್ಸಲ ಕೂತ್ಕೊಳಿ. ಮತ್ತೂ ಕೆಟ್ಟು ಬಂದ್ರೆ ದೋಷ ಪಕ್ಕಾ ಆಗತ್ತೆ.”

“ಏನಪ್ಪಾ, ನನ್ ಮುಖ ಏನು ನಿನ್ ಪ್ರಯೋಗಶಾಲೆನಾ?” ಎಂದು ಅವರು ಎದ್ದು ಹೋದರು.

೩. ಆ ಕಾರಣ ಹೆಂಡತಿ ಮಾತು ಬಿಟ್ಟಳು. ಏನಿದ್ದರೂ ಗಿರಾಕಿಗಳ ಮೂಲಕ. “ಅವ್ರಿಗ್ ಹೇಳಿ, ಆ ಲೈಟ್ ಆರಿಸ್ಬೇಕು ಅಂತ.” ಗಲ್ಲ ಎತ್ತಿ ಕೂತಿದ್ದ ಮದುಮಗ ಗಲ್ಲ ಇಳಿಸದೆಯೇ “ಸಾರ್, ಲೈಟಂತೆ” ಅನ್ನುತ್ತಿದ್ದ. ಗಿರಾಕಿ ಇಲ್ಲದ ಹೊತ್ತು ಸ್ಟುಡಿಯೋ ಮಸಣ.

೪. ಹೀಗಿರಲಾಗಿ ತಮ್ಮ ಮುಂದಿನ ಆವೃತ್ತಿ ಬಂತು. ದೇವರು ಕಣ್ಣು ಬಿಟ್ಟ. ಮುಖಗಳೇನೋ ನೆಟ್ಟಗಾದವು, ಆದರೆ ಪ್ರಿಂಟರ್ ಅರ್ಧಕ್ಕೇ ನಿಲ್ಲತೊಡಗಿತು. ಯಾರಾದರೂ ಮೌಸನ್ನು ಎಡೆಬಿಡದೆ ಅಲ್ಲಾಡಿಸುತ್ತಿದ್ದರಷ್ಟೇ ಕಾಗದ ಮುಂದೆ ಸರಿಯುತ್ತಿತ್ತು. ಮೌಸು ಮೇಜಿನ ಮೇಲೆ, ಪ್ರಿಂಟರು ಬಟ್ಟೆಯ ಪರದೆಯ ಹಿಂದೆ. ಕಾರಣ, ಇಬ್ಬರು ಬೇಕಾದರು. ಆ ಕಾರಣ, ಮಾತೂ ಬೇಕಾಯಿತು.

“ಅಲ್ಲಾಡ್ಸಿ!”

“ಅಲ್ಲಾಡಿಸ್ತಾನೇ ಇದೀನಲ್ಲೇ!”

“ಮೂಗಿಗೆ ಬಂದು ನಿಂತಿದೆ ರೀ. ನಿದ್ದೆ ಹೊಡೀತಿದೀರಾ?”

“ಈಗ? ಬಾಯಿ ಬಂತಾ?”

“ಬಂತು, ಗಲ್ಲ ಬರ್ತಿದೆ... ಕೈ ಬಿಡ್ಬೇಡಿ, ನಿಮ್ ದಮ್ಮಯ್ಯ!”

‘ಅವರು’ ಹೋಗಿ ‘ರೀ’ ಬಂದದ್ದನ್ನು ತಾವು ಗಮನಿಸತಕ್ಕದ್ದು. ತಿಂಗಳೊಪ್ಪತ್ತಿನಲ್ಲಿ ಬೈಗುಳ ಹರಟೆಯಾಯಿತು. ಯಾರದೋ ಬಳಗದ ದೊಡ್ಡ ಗ್ರೂಪ್ ಫೋಟೋ ಇಂಚಿಂಚಾಗಿ ಹೊರಬರುವಷ್ಟರಲ್ಲಿ, ಅವಳು ತನ್ನಣ್ಣನ ಹೊಸ ಹಲ್ಲುಸೆಟ್ಟಿನ ಕಥೆ ಹೇಳಿ ಪರದೆ ಹಿಡಿದುಕೊಂಡು ನಕ್ಕಳು. ಅರ್ಜಿದಾರನ ಕೈ ನಿಂತು, ಕೆಳಗಿನ ಸಾಲಿನ ಮಾವಂದಿರು ಅರ್ಧರ್ಧ ಬಂದರು. ಅದಕ್ಕೂ ನಕ್ಕರು.

೫. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ದೋಷ ಕಂಡ ದಿನವೇ ಅರ್ಜಿದಾರ ತಮಗೆ ವರದಿ ಕಳಿಸಿಬಿಟ್ಟಿದ್ದ. ತಾವು ಮೊದಲು “ನಮ್ಮಲ್ಲಿ ಹಾಗಾಗುತ್ತಿಲ್ಲ” ಎಂದಿರಿ. ಆಮೇಲೆ “ಅದು ಪ್ರಿಂಟರಿನವರ ತಪ್ಪು” ಎಂದಿರಿ. ಆಮೇಲೆ ತೆಪ್ಪಗಾದಿರಿ. ಯಾರು ಬೇಕಾದರೂ ತಿದ್ದಬಹುದಾದ್ದನ್ನು ಯಾರೂ ತಿದ್ದುವುದಿಲ್ಲವೆಂಬುದು ಲೋಕಾನುಭವವಾದ ಕಾರಣ, ತಮ್ಮ ಸೋಮಾರಿತನವನ್ನೇ ನಂಬಿ ಅರ್ಜಿದಾರ ನೆಮ್ಮದಿಯಾಗಿದ್ದ. ಮೊನ್ನೆ ಯಾವನೋ ಪುಣ್ಯಾತ್ಮ ತಿದ್ದಿಬಿಟ್ಟ.

೬. ಈಗ ಫೋಟೋ ತಾನಾಗಿ ಬರುತ್ತದೆ. “ಪಾಪ, ಕೈ ನೋಯಿಸ್ಕೊಂಡಿದ್ದು ಸಾಕು, ಮನೇಲಿ ಆರಾಮಾಗಿರಿ” ಅಂದಳು. ಕೋಪವಿದ್ದಾಗ ಗಿರಾಕಿಯ ಮೂಲಕವಾದರೂ ಮಾತಿತ್ತು. ಈಗ ಕೋಪವೂ ಇಲ್ಲ. ಪ್ರಿಂಟರಿನ ವೈರು ಸಡಿಲಿಸಿ ನೋಡಲಾಯಿತು. ಅಂದಿನ ಗಿರಾಕಿ ಎಲೆಕ್ಟ್ರಿಷಿಯನ್. ಕೇಳುವ ಮುಂಚೆಯೇ ಎದ್ದು ಹೋಗಿ ಸಿಕ್ಕಿಸಿದ.

೭. ಸುಮ್ಮನೆ ಹೋಗಿ ಮಾತಾಡಿಸಬಾರದೇ ಎಂದು ತಾವು ಕೇಳಬಹುದು. ಪ್ರಯತ್ನಿಸಲಾಗಿದೆ. “ಏನ್ರೀ?” ಅಂದಳು. ಏನೆಂದು ಹೊಳೆಯದೆ ವಾಪಸಾಗಲಾಯಿತು.

ಆದ್ದರಿಂದ, ಸದರಿ ದೋಷವನ್ನು ಅಂತಿಮ ಬಿಡುಗಡೆಯೊಳಗೆ ಪುನಃ ಸೇರಿಸಬೇಕಾಗಿ, ಅದು ಆಗದ ಪಕ್ಷದಲ್ಲಿ ಇಬ್ಬರಿಲ್ಲದೆ ನಡೆಯದಂಥ ಬೇರೊಂದು ದೋಷವನ್ನಾದರೂ ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ದೋಷ ಮಾಡುವುದು ತಮಗೆ ಹೊಸದಲ್ಲ.

ತಮ್ಮ ವಿಶ್ವಾಸಿ, ಇಷ್ಟಾದ ಮೇಲೂ,
(ಸಹಿ)

ಲಗತ್ತುಗಳು:
ಅ) ಅರ್ಧರ್ಧ ಬಂದ ಮಾವಂದಿರ ಫೋಟೋ, ಒಂದು ಪ್ರತಿ.
ಆ) ತಮ್ಮ ಧನ್ಯವಾದ ಪತ್ರ, ವಾಪಸು.

ವಿ.ಸೂ.: ಮರಳಿ ಹಾಕಿದ ದೋಷವನ್ನು ಬೇರೆ ಯಾವನಾದರೂ ಸ್ವಯಂಸೇವಕ ಕಂಡುಹಿಡಿದು ವರದಿ ಮಾಡಿದಲ್ಲಿ, ಅವನ ಮನೆಯಲ್ಲಿ ಮಾತುಕತೆ ಇದೆಯೇ ಎಂದು ಮೊದಲು ವಿಚಾರಿಸಿ, ಆಮೇಲಷ್ಟೇ ದುರಸ್ತಿಗೆ ಕೈಹಾಕತಕ್ಕದ್ದು.