ಸಿನಿಮಾ ಹೆಂಗಿತ್ತು ಅಂತ ಸೋಮವಾರ ಕೇಳಬೇಡಿ

ನಾನು ಹರಪನಹಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಭಾನುವಾರ ಹೆಂಡತಿ ಜೊತೆ ಮ್ಯಾಟಿನಿಗೆ ಹೋಗುತ್ತೇನೆ. ಸೋಮವಾರ ಕಚೇರಿಯವರು ಸಿನಿಮಾ ಹೆಂಗಿತ್ತು ಅಂತ ಕೇಳುತ್ತಾರೆ. ನಾನು ಹೇಳಿದ್ದನ್ನು ನಂಬಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವವರಿದ್ದಾರೆ, ಹಾಗಾಗಿ ಜವಾಬ್ದಾರಿ ದೊಡ್ಡದು. ಆದರೆ ಈಚೆಗೆ ಬರುವ ಸಿನಿಮಾ ನನಗೆ ಪೂರ್ತಿ ತಿಳಿದದ್ದು ಕಡಿಮೆ. ಒಂದರ ಗೊಂದಲ ಬಗೆಹರಿಯುವುದರೊಳಗೆ ಮುಂದಿನ ಶುಕ್ರವಾರ ಬಂದಿರುತ್ತದೆ.

೧. ಇಬ್ಬರು ಗಡ್ಡದವರು

ನಾವಿರುವುದು ತೆಲಿಗಿಯಲ್ಲಿ. ಅವತ್ತು ಬಸ್ಸು ತಡವಾಗಿ, ಥಿಯೇಟರಿನೊಳಗೆ ಹೋಗುವಷ್ಟರಲ್ಲಿ ಹತ್ತು ನಿಮಿಷದ ಸಿನಿಮಾ ಹೋಗಿತ್ತು. ಪರದೆಯ ಮೇಲೆ ಒಬ್ಬ ಗಡ್ಡದವನು ಧೂಳಿನ ನಡುವೆ ನಿಧಾನವಾಗಿ ನಡೆದು ಬರುತ್ತಿದ್ದ. ಹಿಂದೆ ಭಾರೀ ಸಂಗೀತ. ಇವನೇ ಹೀರೋ ಅಂತ ನಿರ್ಧಾರ ಮಾಡಿ ಕುಳಿತೆ. ಅವನು ಇಪ್ಪತ್ತು ಮಂದಿಯನ್ನು ಹೊಡೆದ, ನಾನು ಚಪ್ಪಾಳೆ ತಟ್ಟಿದೆ.

ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಗಡ್ಡದವನು ಅಷ್ಟೇ ನಿಧಾನವಾಗಿ ನಡೆದು ಬಂದ. ಸಂಗೀತವೂ ಅಷ್ಟೇ. ಇಬ್ಬರಿಗೂ ಉದ್ದ ಕೂದಲು, ಇಬ್ಬರೂ ಮಾತೆತ್ತಿದರೆ ಅವ್ವನ ಸುದ್ದಿ. ಸಿನಿಮಾ ಬೇರೆ ಕರೆಂಟು ಹೋದ ಮನೆಯಷ್ಟು ಕತ್ತಲು. ನಾನು ಮೊದಲನೆಯವನ ಕೈ ಬಿಡಲಿಲ್ಲ. ಅವನು ಒಂದು ಊರಿಗೇ ಬೆಂಕಿ ಹಚ್ಚಿದಾಗಲೂ ಏನೋ ಕಾರಣ ಇರಬೇಕು, ಈಗಿನ ಹೀರೋಗಳು ಹಂಗೇ ಅಂದುಕೊಂಡೆ. ಮಧ್ಯಂತರದ ಹೊತ್ತಿಗೆ ಅವನಿಗೆ ಏಟು ಬಿದ್ದಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ಆಗ ಹೆಂಡತಿ, ಆಗಿನಿಂದ ಯಾರಿಗೆ ಚಪ್ಪಾಳೆ ತಟ್ಟುತ್ತಿದ್ದೀರಿ ಅಂತ ಮೆಲ್ಲಗೆ ಕೇಳಿದಳು. ತೋರಿಸಿದೆ.

"ಅವ ಹೀರೋನ ತಂಗೀನ ಕೊಂದಾನ್ರಿ," ಅಂದಳು. "ಹಿಂದಿನ ಸೀಟಿನವ್ರು ನಿಮ್ಮನ್ನ ಅವನ ಕಡಿಯವ್ರು ಅನ್ಕಂಡಾರ."

೨. ಉಳಿದ ಕಥೆ

ಇನ್ನೊಂದು ಸಿನಿಮಾ ಹೆಂಡತಿಯೇ ಆರಿಸಿದ್ದು. ಮೂರು ತಾಸು ಆದ ಮೇಲೆ ಹೀರೋ ಗುಡ್ಡದ ಅಂಚಿನಲ್ಲಿ ಒಂದು ಬೇರು ಹಿಡಿದು ನೇತಾಡುತ್ತಿದ್ದ, ಕೆಳಗೆ ಸಮುದ್ರ. ಅಷ್ಟರಲ್ಲಿ ಎರಡನೇ ಭಾಗ ಶೀಘ್ರದಲ್ಲೇ ಅಂತ ಅಕ್ಷರ ಬಂದು ದೀಪ ಹತ್ತಿದವು. ಎಲ್ಲರೂ ಎದ್ದು ಹೋದರು. ಇವಳು ಏಳಲಿಲ್ಲ. ಇದು ಎರಡನೇ ಮಧ್ಯಂತರ ಇರಬೇಕು ಅಂತ ಅವಳ ವಾದ. ನನಗೂ ಇಲ್ಲ ಅನ್ನುವ ಧೈರ್ಯವಿರಲಿಲ್ಲ.

ಗೇಟ್‌ಕೀಪರ್ ಕಸಬರಿಗೆ ಹಿಡಿದು ಒಳಗೆ ಬಂದ. ಹೆಂಡತಿ ಅವನನ್ನೇ ಹಿಡಿದಳು.

"ಅರ್ಧಕ್ಕ ಬಿಟ್ರ ಹೆಂಗ್ರಿ? ಅವ ಉಳಿತಾನೋ ಇಲ್ಲೋ, ಬಾಯಾಗಾದ್ರೂ ಹೇಳ್ರಿ."

ಅವನು ಒಳ್ಳೆಯ ಮನುಷ್ಯ. ಕಸಬರಿಗೆಯನ್ನು ಗೋಡೆಗೆ ಒರಗಿಸಿ, ನಮ್ಮ ಮುಂದಿನ ಸಾಲಿನಲ್ಲಿ ಹಿಂದಕ್ಕೆ ತಿರುಗಿ ಕುಳಿತು ಕಾಲು ತಾಸು ಕಥೆ ಹೇಳಿದ. ಬೇರು ಕಿತ್ತು ಹೀರೋ ನೀರಿಗೆ ಬೀಳುತ್ತಾನೆ, ಮೀನುಗಾರರು ಎತ್ತಿಕೊಳ್ಳುತ್ತಾರೆ, ಚಿಕ್ಕಂದಿನಲ್ಲಿ ಕಳೆದುಹೋದ ಅವನ ಅವ್ವ ಅವರಲ್ಲೇ ಇರುತ್ತಾಳೆ, ಮುಂದೆ ಮದುವೆ, ಒಂದು ಹೆಣ್ಣು ಕೂಸು, ಅದು ಶಾಲೆಗೆ ಹೋಗುವ ತನಕ ಹೇಳಿದ. ಹೆಂಡತಿ ಕಣ್ಣೊರೆಸಿಕೊಂಡು ಎದ್ದಳು.

ಒಂದೂವರೆ ವರ್ಷದ ಮೇಲೆ ಎರಡನೇ ಭಾಗ ಬಂತು. ಅದರಲ್ಲಿ ಹೀರೋ ಐದೇ ನಿಮಿಷಕ್ಕೆ ಸತ್ತ. ಆಮೇಲೆ ಅವನಂತೆಯೇ ಇರುವ ಒಬ್ಬ ಬಂದ. ಯಾರು, ಯಾಕೆ ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಸಿನಿಮಾ ಬಿಟ್ಟ ಮೇಲೆ ಇವಳು ನೆಟ್ಟಗೆ ಅದೇ ಗೇಟ್‌ಕೀಪರ್ ಹತ್ತಿರ ನಡೆದಳು. ಜಗಳವಾಗುತ್ತದೆ ಅಂತ ನಾನು ಹಿಂದೆ ಓಡಿದೆ.

"ನೀವು ಹೇಳಿದ್ದ ಚಲೋ ಇತ್ರಿ," ಅಂದಳು. "ಮೂರನೇ ಭಾಗನೂ ಐತಂತ. ಅದನ್ನ ಅವ್ರು ತಗಿಯೋದ್ರೊಳಗ ನೀವ ಹೇಳಿಬಿಡ್ರಿ."

೩. ಮಾವನವರ ಕಿವಿ

ಮಾವನವರು ಹೊಳಲಿನಲ್ಲಿದ್ದಾರೆ. ಕಿವಿಗೆ ಮಷಿನ್ ಹಾಕಿದರೂ ಅಷ್ಟಕ್ಕಷ್ಟೇ. ಕೇಳಿಸದ ಸಿನಿಮಾ ಯಾಕೆ ಅಂತ ಎಂಟು ವರ್ಷದಿಂದ ಥಿಯೇಟರಿನ ಕಡೆ ಹೋಗಿರಲಿಲ್ಲ. ಒಂದು ಹಬ್ಬದಲ್ಲಿ ನಾವೇ ಹಡಗಲಿಯ ಥಿಯೇಟರಿಗೆ ಕರೆದುಕೊಂಡು ಹೋದೆವು.

ಹೀರೋ ಕಾರು ಚಾಲೂ ಮಾಡಿದ್ದೇ ತಡ, ಕುರ್ಚಿ ನಡುಗಿತು. ನಾನು ಕಿವಿಗೆ ಬೆರಳಿಟ್ಟೆ, ಹೆಂಡತಿ ಸೆರಗು ಸುತ್ತಿಕೊಂಡಳು. ತಿರುಗಿ ನೋಡಿದರೆ ಮಾವನವರು ಮಷಿನ್ ತೆಗೆದು ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನೋವಾಯಿತೇನೋ ಅಂತ ಹೆದರಿ, ಮನೆಗೆ ಹೋಗೋಣವೇ ಅಂತ ಅವರ ಕಿವಿಯ ಹತ್ತಿರ ಕೂಗಿದೆ. ಯಾಕೆ ಕೂಗುತ್ತೀಯ, ಕೇಳಿಸುತ್ತದೆ ಅಂದರು. ಕೊನೆತನಕ ಅಲುಗಾಡಲಿಲ್ಲ.

ಮನೆಯಲ್ಲಿ ಅತ್ತೆ, ಸಿನಿಮಾ ಚೆನ್ನಾಗಿತ್ತಾ ಅಂತ ಕೇಳಿದರು.

"ಕಥಿ ತಿಳೀಲಿಲ್ಲ," ಅಂದರು ಮಾವ. "ಆದ್ರ ಎಂಟು ವರ್ಷಕ್ಕ ಇವತ್ತ ನೋಡು, ಮಂದಿ ಬಾಯಿಬಿಟ್ಟು ಮಾತಾಡಿದ್ದು."

೪. ಚಿತ್ರಕಥೆ ಬಲ್ಲವನು

ನಮ್ಮ ಕಚೇರಿಗೆ ಹೊಸದಾಗಿ ಬಂದ ತರುಣ ಸಹೋದ್ಯೋಗಿಯೊಬ್ಬ ಸಿನಿಮಾ ಬಲ್ಲವನು. ನಾನು ಕಥೆ ಅನ್ನುವುದಕ್ಕೆ ಅವನು ಚಿತ್ರಕಥೆ ಅನ್ನುತ್ತಾನೆ. ಕೊಟ್ಟೂರಿಗೆ ಒಂದು ಹೊಸ ಸಿನಿಮಾ ಬಂದಾಗ ಕಚೇರಿಯ ಐದು ಮನೆಯವರು ಒಟ್ಟಿಗೆ ಹೋಗುವ ವಿಚಾರದಲ್ಲಿದ್ದರು. ಮೊದಲು ನಾನೂ ಅವನೂ ನೋಡಿಕೊಂಡು ಬರಬೇಕು ಅಂತ ತೀರ್ಮಾನವಾಯಿತು.

ಸಿನಿಮಾ ಶುರುವಾಗುವಾಗಲೇ ಒಬ್ಬ ಮಚ್ಚು ಬೀಸಿದ. ಯಾರಿಗೆ, ಯಾಕೆ ಅಂತ ಗೊತ್ತಾಗುವ ಮುಂಚೆ ಅವನನ್ನು ಪೊಲೀಸರು ಹಿಡಿದರು. ಆ ಕಡೆ ಒಂದು ಹುಡುಗಿ ಸತ್ತಳು. ಎಲ್ಲರೂ ಅವತ್ತೇ ಹೇಳಿದ್ದೆ ಅಂತ ಅಳುತ್ತಿದ್ದರು. ಯಾವತ್ತು ಅಂತ ನಾನು ಪಕ್ಕದವನನ್ನು ಕೇಳಿದೆ. ಕಥೆ ಹಿಂದಿನಿಂದ ಬರುತ್ತದೆ, ಲಕ್ಷ್ಯಕೊಟ್ಟು ನೋಡಿ ಅಂದ. ಕೊಟ್ಟೆ. ಒಂದು ತಾಸಾದ ಮೇಲೆ ಕೆಲಸ ಮಾಡಿದವರ ಹೆಸರೆಲ್ಲ ಕೆಳಗಿಂದ ಮೇಲಕ್ಕೆ ಹೋದವು, ದೀಪ ಹತ್ತಿದವು. ನಡುವೆಯೇ ಹೆಸರು ಯಾಕೆ ಅಂದರೆ, ಅದು ಹೊಸ ಪದ್ಧತಿ ಅಂದ.

ಚಹಾ ಕುಡಿದು ಬಂದರೆ ತಂಬಾಕಿನ ಎಚ್ಚರಿಕೆ ಬಂತು, ಸಿನಿಮಾದ ಹೆಸರು ಬಂತು. ಆಗಷ್ಟೇ ಮಣ್ಣು ಮಾಡಿದ್ದ ಹುಡುಗಿ ಸೈಕಲ್ ಮೇಲೆ ನಗುತ್ತಾ ಬಂದಳು. ನನಗೆ ತಲೆ ತಿರುಗಿತು. ಕೊನೆಗೆ ಹೀರೋ ಮಚ್ಚು ಎತ್ತಿದ, ಎತ್ತಿದ್ದು ಎತ್ತಿದ ಹಾಗೇ ನಿಂತು, ಪರದೆ ತುಂಬ ಮಧ್ಯಂತರ ಅನ್ನುವ ಅಕ್ಷರ ಬಂತು. ಬಾಗಿಲು ತೆಗೆದರು. ಆಟ ಮುಗಿದಿತ್ತು.

ಸಹೋದ್ಯೋಗಿ ಎದ್ದು ನಿಂತು ಚಪ್ಪಾಳೆ ತಟ್ಟಿದ.

"ಮಧ್ಯಂತರ ಅಂತ ಹಾಕಿ ಮುಗಿಸ್ಯಾನ ನೋಡ್ರಿ. ಜೀವನಕ್ಕ ಕೊನಿ ಇಲ್ಲ ಅಂತ ಅರ್ಥ."

ಹೊರಗೆ ಥಿಯೇಟರಿನ ಯಜಮಾನರು ಕೈಮುಗಿದು ನಿಂತಿದ್ದರು. ಆಪರೇಟರ್ ಹೊಸಬ, ಎರಡನೇ ಅರ್ಧ ಮೊದಲು ಹಾಕಿಬಿಟ್ಟಿದ್ದಾನೆ, ತಪ್ಪಾಯಿತು, ಬೇಕಾದವರು ಮುಂದಿನ ಆಟಕ್ಕೆ ಹಾಗೇ ಕೂತುಕೊಳ್ಳಬಹುದು ಅಂದರು. ನನಗೆ ಎದೆ ಹಗುರವಾಯಿತು. ಇಷ್ಟು ದಿನಕ್ಕೆ ಒಂದು ಸಲವಾದರೂ ತಪ್ಪು ನನ್ನ ತಲೆಯದಲ್ಲ.

ಇಬ್ಬರೂ ಮತ್ತೆ ಕುಳಿತೆವು. ಈ ಸಲ ನನಗೆ ಎಲ್ಲವೂ ಅರ್ಥವಾಯಿತು, ಹುಡುಗಿ ಸತ್ತಾಗ ಕಣ್ಣೀರು ಹಾಕಿದೆ. ಪಕ್ಕದವನು ಆಕಳಿಸುತ್ತಿದ್ದ.

ಸೋಮವಾರ ಐದೂ ಮಂದಿ ಸುತ್ತ ನಿಂತರು. ಜೀವನದಲ್ಲಿ ಮೊದಲ ಸಲ ಒಂದು ಸಿನಿಮಾದ ಕಥೆಯನ್ನು ಮೊದಲಿಂದ ಕೊನೆಯವರೆಗೆ ತಡವರಿಸದೆ ಹೇಳಿದೆ, ತಪ್ಪದೇ ನೋಡಿ ಅಂದೆ. ಅವರು ಸಹೋದ್ಯೋಗಿಯ ಕಡೆ ತಿರುಗಿದರು.

"ನೆಟ್ಟಗ ಹಾಕಿದ್ರ ಅದರಾಗ ಏನೂ ಇಲ್ರಿ," ಅಂದ ಅವನು. "ಮ್ಯಾಟಿನಿಗೆ ಹಾಕಿದ್ರಲ್ಲ, ಅದು ಸಿನಿಮಾ."

ಐದು ಮಂದಿ ಪಕ್ಕಕ್ಕೆ ಹೋಗಿ ಗುಸುಗುಸು ಮಾತಾಡಿಕೊಂಡರು. ಆಮೇಲೆ ಅವರಲ್ಲಿ ಹಿರಿಯರೊಬ್ಬರು ಕೊಟ್ಟೂರಿನ ಥಿಯೇಟರಿಗೆ ಫೋನ್ ಮಾಡಿ, ಹಿಂದುಮುಂದು ಹಾಕುವ ಆಟ ಎಷ್ಟು ಗಂಟೆಗೆ ಅಂತ ವಿಚಾರಿಸಿದರು.